ಐರನ್ ಮೇಡನ್ ಆಲ್ಬಂಗಳ ಕೊನೆ ಹಾಡು: ನಿಮಗೆ ಯಾವುದು ಇಷ್ಟ?

ಟೇಪುರಾಯ:
ಬಹಳ ದಿನದಿಂದ ಈ ವಿಷಯ ತಲೆ ಕೊರೆಯುತ್ತಿತ್ತು. ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಅಂದರೆ ಎಲ್ಲರಿಗೂ ‘ದ ಟ್ರೂಪರ್’ ನೆನಪಾಗುತ್ತದೆ, ‘ರನ್ ಟು ದ ಹಿಲ್ಸ್’ ನೆನಪಾಗುತ್ತದೆ. ನನಗೆ ನೆನಪಾಗುವುದು ಅವರ ಆಲ್ಬಂಗಳ ಕೊನೆ ಹಾಡುಗಳು. ಇದಕ್ಕೆ ಕಾರಣ ಒಂದು ಕ್ಯಾಸೆಟ್.

ಪಿಯುಸಿ ಓದುವಾಗ ಮೈಸೂರಿನಲ್ಲಿ ಹಾಡು ತುಂಬಿಸಿಕೊಡುವ ಒಂದು ಅಂಗಡಿಗೆ ಹೋಗುತ್ತಿದ್ದೆ. ಖಾಲಿ 90 ನಿಮಿಷದ ಕ್ಯಾಸೆಟ್ ಕೊಟ್ಟು, ಒಂದು ಕಡೆ ‘ಪೀಸ್ ಆಫ್ ಮೈಂಡ್’, ಇನ್ನೊಂದು ಕಡೆ ‘ಪವರ್‌ಸ್ಲೇವ್’ ಹಾಕಿ ಅಂದೆ. ಲೆಕ್ಕ ನನಗೂ ಹೊಳೆಯಲಿಲ್ಲ, ಅಂಗಡಿಯವರಿಗೂ ಹೊಳೆಯಲಿಲ್ಲ. ಒಂದು ಕಡೆಗೆ ಹಿಡಿಸುವುದು 45 ನಿಮಿಷ. ‘ಪವರ್‌ಸ್ಲೇವ್’ 51 ನಿಮಿಷ. ಅದರ ಕೊನೆ ಹಾಡು, ಶಾಪ ಹೊತ್ತ ನಾವಿಕನೊಬ್ಬನ ಕಥೆ ಹೇಳುವ ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’ ಒಂದೇ 13 ನಿಮಿಷ ದಾಟುತ್ತದೆ.

ಹಾಡಿನ ಮಧ್ಯೆ ಎಲ್ಲ ವಾದ್ಯಗಳೂ ತಗ್ಗಿ, ಹಡಗಿನ ಹಲಗೆ ಕಿರುಗುಟ್ಟುವ ಸದ್ದು ಬರುತ್ತದಲ್ಲ, ಕೋಲ್‌ರಿಡ್ಜ್ ಕವಿತೆಯ ಸಾಲುಗಳನ್ನು ಯಾರೋ ಮೆಲ್ಲಗೆ ಓದುತ್ತಾರಲ್ಲ, ಅದೆಲ್ಲ ನನ್ನ ಕ್ಯಾಸೆಟ್‌ನಲ್ಲಿ ಇತ್ತು. ಅದಾದ ಮೇಲೆ ಗಾಯಕ ಬ್ರೂಸ್ ಡಿಕಿನ್ಸನ್ ಮತ್ತೆ ದನಿ ಏರಿಸುತ್ತಾನೆ. ಏರಿಸುತ್ತಾ ಏರಿಸುತ್ತಾ... ಟಕ್. ಟೇಪ್ ಖಾಲಿ. ಗುಂಡಿ ತಾನಾಗಿ ಮೇಲೆದ್ದಿತು.

ಎರಡು ವರ್ಷ ನನಗೆ ಆ ಹಾಡು ಅಷ್ಟೇ. ನನ್ನ ಪಾಲಿಗೆ ಆ ನಾವಿಕ ಊರು ಮುಟ್ಟಲೇ ಇಲ್ಲ, ಸಮುದ್ರದ ಮಧ್ಯೆ ಸತ್ತವರ ನಡುವೆ ನಿಂತೇ ಇದ್ದ. ಆಮೇಲೆ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಹತ್ತಿರ ಸಿಡಿ ಇತ್ತು. ಬಾಕಿ ಐದು ನಿಮಿಷ ಕೇಳಿದಾಗ ಕೂದಲು ನೆಟ್ಟಗಾಯಿತು. ಶಾಪ ಬಿಡುತ್ತದೆ, ಗಿಟಾರ್‌ಗಳು ಓಡುತ್ತವೆ, ಹಡಗು ಮನೆ ಕಡೆ ತಿರುಗುತ್ತದೆ!

ಅವತ್ತಿನಿಂದ ಯಾವ ಆಲ್ಬಂ ತಗೊಂಡರೂ ಮೊದಲು ಕೊನೆ ಹಾಡು ಪೂರ್ತಿ ಇದೆಯಾ ಅಂತ ನೋಡುವ ಚಟ. ಹಾಗೆ ನೋಡುತ್ತಾ ಹೊಳೆದದ್ದು: ಈ ಜನ ಆಲ್ಬಂನ ಭಾರ ಎಲ್ಲ ತಂದು ಕೊನೆಯಲ್ಲೇ ಇಡುತ್ತಾರೆ. 1982 ರಲ್ಲಿ ‘ಹ್ಯಾಲೋಡ್ ಬಿ ದೈ ನೇಮ್’, 1983 ರಲ್ಲಿ ‘ಟು ಟೇಮ್ ಎ ಲ್ಯಾಂಡ್’, 1984 ರಲ್ಲಿ ‘ರೈಮ್’, 1986 ರಲ್ಲಿ ‘ಅಲೆಕ್ಸಾಂಡರ್ ದ ಗ್ರೇಟ್’. ಬೇರೆ ಬ್ಯಾಂಡ್‌ನವರು ಕೊನೆಗೆ ಉಳಿದ ಬಳಿದ ಹಾಡು ತುರುಕುವ ಕಾಲ ಅದು. ನಾಲ್ಕನ್ನೂ ಬರೆದದ್ದು ಬೇಸ್ ಗಿಟಾರ್ ನುಡಿಸುವ ಸ್ಟೀವ್ ಹ್ಯಾರಿಸ್ ಒಬ್ಬನೇ. ಆ ಮನುಷ್ಯನ ಹೆಸರಿಲ್ಲದೆ ಮೇಡನ್‌ನ ಯಾವ ಆಲ್ಬಂ ಕೂಡ ಮುಗಿದಿಲ್ಲ ಅನಿಸುತ್ತದೆ.

ನಿಮಗೆ ಯಾವುದು ಇಷ್ಟ? ಸುಮ್ನೆ ಹೆಸರು ಬರೆದು ಹೋಗಬೇಡಿ. ಯಾಕೆ ಅಂತ ಬರೆಯಿರಿ.

ಬೇಸ್‌ಬಸಣ್ಣ:
‘ಹ್ಯಾಲೋಡ್’ ನೋಡ್ರಿ. ಇದರಲ್ಲಿ ಚರ್ಚೆ ಏನಿದೆ?

ನೇಣಿಗೆ ಹೋಗುವ ಮನುಷ್ಯ ಕೋಣೆಯಲ್ಲಿ ಕೂತಿದ್ದಾನೆ. ಗಂಟೆ ಹೊಡೆಯುತ್ತದೆ. ಮೊದಲು ಗಿಟಾರ್ ಮೆಲ್ಲಗೆ ಬರುತ್ತದೆ, ಬ್ರೂಸ್ ಮಾತಾಡಿದ ಹಾಗೆ ಹಾಡುತ್ತಾನೆ. ಆಮೇಲೆ ಒಂದು ಸ್ವರ ಎತ್ತಿ ಹಿಡಿಯುತ್ತಾನೆ, ಬಿಡುವುದೇ ಇಲ್ಲ. ಅಲ್ಲಿಂದ ಬ್ಯಾಂಡ್ ಪೂರ್ತಿ ಮೈಮೇಲೆ ಬೀಳುತ್ತದೆ. ಬ್ರೂಸ್‌ಗೆ ಅದು ಮೇಡನ್ ಜೊತೆ ಮೊದಲ ಆಲ್ಬಂ ಅನ್ನುವುದನ್ನು ಮರೆಯಬೇಡ್ರಿ.

ಬೇಸ್ ನುಡಿಸುವವನಾಗಿ ಇನ್ನೊಂದು ಮಾತು. ಹ್ಯಾರಿಸ್ ಪ್ಲೆಕ್ಟ್ರಮ್ (ತಂತಿ ಮೀಟುವ ಬಿಲ್ಲೆ) ಮುಟ್ಟುವುದಿಲ್ಲ, ಬರೀ ಬೆರಳು. ಈ ಹಾಡಿನ ಎರಡನೇ ಅರ್ಧ ನುಡಿಸಿ ನೋಡಿ, ಬಲಗೈ ಮುಂಗೈ ತನಕ ಸೆಟೆದುಕೊಳ್ಳುತ್ತದೆ. ನನ್ನ ಬೆರಳ ತುದಿಯಲ್ಲಿ ಬೊಕ್ಕೆ ಬಂದು, ಒಡೆದು, ಮತ್ತೆ ಬಂದು, ಆಮೇಲೆ ಗಟ್ಟಿಯಾಯಿತು.

ನಮ್ಮ ಬ್ಯಾಂಡ್ ಒಂದು ಕಾಲೇಜು ಫೆಸ್ಟ್‌ನಲ್ಲಿ ಇದನ್ನು ಕೊನೆಗೆ ಇಟ್ಟುಕೊಂಡಿತ್ತು. ಮೇಡನ್ ಮಾಡಿದ ಹಾಗೆ ಮಾಡೋಣ ಅಂತ. ನಮಗೆ ಕೊಟ್ಟದ್ದು 15 ನಿಮಿಷ. ಡ್ರಮ್ ಜೋಡಿಸುವುದರಲ್ಲೇ ಐದು ಹೋಯಿತು. ಗಂಟೆ ಸದ್ದಿಗೆ ಅಂತ ನಾವು ಕೀಬೋರ್ಡ್ ತಂದಿದ್ದೆವು. ಮೂರು ಸಲ ಗಂಟೆ ಹೊಡೆಯಿತು, ನಾಲ್ಕನೆಯದಕ್ಕೆ ಕರೆಂಟ್ ತೆಗೆದರು. ಮುಂದೆ ಫ್ಯಾಷನ್ ಶೋ ಇತ್ತು.

ಮಂಗಳಪದ:
@ಟೇಪುರಾಯ, ನಿಮ್ಮ ‘ಭಾರ ಎಲ್ಲ ಕೊನೆಯಲ್ಲಿ’ ಅನ್ನುವ ಮಾತು ಹಿಡಿಸಿತು. ನಮ್ಮ ಮನೆಯಲ್ಲಿ ಕಚೇರಿ ಕೇಳಿ ಬೆಳೆದವಳು ನಾನು. ಅಲ್ಲಿ ಪೂರ್ತಿ ಉಲ್ಟಾ ಅಲ್ವಾ? ವರ್ಣದಿಂದ ಶುರು. ದೊಡ್ಡ ಕೃತಿ, ತನಿ ಆವರ್ತನ ಎಲ್ಲ ಮಧ್ಯದಲ್ಲೇ ಮುಗಿಯುತ್ತದೆ. ಆಮೇಲೆ ದೇವರನಾಮ, ತಿಲ್ಲಾನ, ಕೊನೆಗೆ ಮಂಗಳ. ಕೇಳುವವರನ್ನು ಮೆಲ್ಲಗೆ ಕೆಳಗಿಳಿಸಿ, ಚಪ್ಪಲಿ ಹುಡುಕಲು ಟೈಮ್ ಕೊಟ್ಟು ಕಳಿಸುತ್ತಾರೆ. ಮೇಡನ್‌ನವರು ತನಿ ಆವರ್ತನದಲ್ಲೇ ಬಾಗಿಲು ಹಾಕುತ್ತಾರೆ.

ಅದಕ್ಕೇ ನನ್ನ ಆಯ್ಕೆ ಬೇರೆ. ‘ಜರ್ನಿಮ್ಯಾನ್’. 2003 ರ ‘ಡ್ಯಾನ್ಸ್ ಆಫ್ ಡೆತ್’ನ ಕೊನೆ ಹಾಡು. ಪೂರ್ತಿ ಅಕೂಸ್ಟಿಕ್. ಮೇಡನ್ ಅಂಥದ್ದು ಮಾಡಿದ್ದು ಅದೇ ಮೊದಲು. ಅದೇ ಆಲ್ಬಂನಲ್ಲಿ ‘ಪಾಶನ್‌ಡೇಲ್’ ಇದೆ, ಕೆಸರು, ಗುಂಡು, ಹೆಣ ಎಲ್ಲ ಇರುವ ದೊಡ್ಡ ಯುದ್ಧದ ಹಾಡು. ಮಾಮೂಲಿ ಲೆಕ್ಕದಲ್ಲಿ ಅದು ಕೊನೆಗೆ ಬರಬೇಕಿತ್ತು. ಅದನ್ನು ಮಧ್ಯೆ ಇಟ್ಟು, ಕೊನೆಗೆ ಈ ಮೆತ್ತನೆಯ ಹಾಡು ಇಟ್ಟರು. ಸರಿಯಾದ ಕಚೇರಿ ಕ್ರಮ. ಮೊದಲ ಸಲ ಕೇಳಿದಾಗ ‘ಓ, ಇವರಿಗೂ ದೇವರನಾಮ ಹಾಡಲು ಬರುತ್ತದೆ’ ಅಂದುಕೊಂಡೆ.

ಇದಕ್ಕೆ ಎಲೆಕ್ಟ್ರಿಕ್ ರೂಪವೂ ಇದೆ, ‘ನೋ ಮೋರ್ ಲೈಸ್’ ಅನ್ನುವ ಇಪಿಯಲ್ಲಿ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್) ಸಿಗುತ್ತದೆ. ಚೆನ್ನಾಗಿದೆ. ಆದರೆ ಅದು ಕೊನೆ ಹಾಡಾಗಿ ನಿಲ್ಲುವುದಿಲ್ಲ.

ಇನ್ನೊಂದು ತಿದ್ದುಪಡಿ. ಹ್ಯಾರಿಸ್ ಹೆಸರಿಲ್ಲದೆ ಮುಗಿದ ಆಲ್ಬಂಗಳು ಎರಡಿವೆ. ‘ವರ್ಚುವಲ್ ಇಲೆವೆನ್’ನ ‘ಕೋಮೋ ಎಸ್ತಾಯಿಸ್ ಅಮೀಗೋಸ್’, ಅದು ಗಿಟಾರಿಸ್ಟ್ ಯಾನಿಕ್ ಗರ್ಸ್ ಮತ್ತು ಆಗಿನ ಗಾಯಕ ಬ್ಲೇಜ್ ಬೇಲಿ ಬರೆದದ್ದು. ಮತ್ತೆ 2015 ರ ‘ಎಂಪೈರ್ ಆಫ್ ದ ಕ್ಲೌಡ್ಸ್’, ಅದು ಬ್ರೂಸ್ ಒಬ್ಬನದೇ.

ಟೇಪುರಾಯ:
ಒಪ್ಪಿದೆ ಅಕ್ಕ. ಎರಡೂ ಮರೆತೇ ಹೋಗಿತ್ತು. ಹ್ಯಾರಿಸ್ ಒಬ್ಬನೇ ಬರೆದ ಕೊನೆ ಹಾಡುಗಳ ಸರಣಿ ‘ಅಲೆಕ್ಸಾಂಡರ್’ ತನಕ, ಅಂದರೆ ಮೊದಲ ಆರು ಆಲ್ಬಂ. ಏಳನೆಯದರಲ್ಲಿ ಬ್ರೂಸ್ ಕೂಡ ಸೇರಿದ.

ಡ್ರಿಫ್ಟರ್‌ವಕೀಲ:
ಎಲ್ಲರೂ 1982 ರಿಂದಲೇ ಶುರು ಮಾಡುತ್ತೀರಿ. 1981 ರಲ್ಲಿ ‘ಕಿಲ್ಲರ್ಸ್’ ಅಂತ ಒಂದು ಆಲ್ಬಂ ಬಂದಿತ್ತು, ಅದರ ಕೊನೆಗೆ ‘ಡ್ರಿಫ್ಟರ್’ ಅಂತ ಒಂದು ಹಾಡಿದೆ. ನ್ಯಾಯ ಬೇಕು.

ಬೇಸ್‌ಬಸಣ್ಣ:
‘ಡ್ರಿಫ್ಟರ್’ ಚಲೋ ಹಾಡೇ. ಆದರೆ ಯಾರೂ ಅದಕ್ಕಾಗಿ ಬೊಕ್ಕೆ ಬರಿಸಿಕೊಂಡಿಲ್ಲ ವಕೀಲರೇ.

ಗಾಳಿಪಟ:
ನಾನು ಜರ್ಮನಿಯಲ್ಲಿ ಇರುವುದು. 2023 ರಲ್ಲಿ ಇಲ್ಲಿ ಫ್ಯೂಚರ್ ಪಾಸ್ಟ್ ಟೂರ್ ನೋಡಿದೆ. ಆ ಟೂರ್‌ನಲ್ಲೇ ‘ಅಲೆಕ್ಸಾಂಡರ್ ದ ಗ್ರೇಟ್’ ಮೊದಲ ಬಾರಿಗೆ ವೇದಿಕೆಗೆ ಬಂದದ್ದು. 1986 ರಲ್ಲಿ ರೆಕಾರ್ಡ್ ಮಾಡಿದ ಹಾಡು, 37 ವರ್ಷ ಒಂದು ಸಲವೂ ನುಡಿಸಿರಲಿಲ್ಲ! ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಮೇ 28 ಕ್ಕೆ ಮೊದಲ ಶೋ. ವಿಡಿಯೋ ನೋಡಿದವರು ಹುಚ್ಚರಾದರು. ನನ್ನ ಪಕ್ಕ ನಿಂತ ಅಜ್ಜನೊಬ್ಬ, ಅರವತ್ತು ದಾಟಿರಬೇಕು, ಹಾಡು ಶುರುವಾದ ಕೂಡಲೇ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಅಳುವುದಕ್ಕೆ ರೆಡಿಯಾದ ಹಾಗೆ.

ಆದರೆ ಆ ಹಾಡಿನ ಬಗ್ಗೆ ನನ್ನದೊಂದು ಹಳೇ ಜಗಳ ಇದೆ. ಅವನ ಸೈನ್ಯ ಇಂಡಿಯಾಕ್ಕೆ ಅವನ ಹಿಂದೆ ಬರಲಿಲ್ಲ ಅನ್ನುವ ಅರ್ಥದ ಸಾಲು ಇದೆ. ಬರಲಿಲ್ಲವಾ? ಹಾಗಾದರೆ ಕ್ರಿಸ್ತಪೂರ್ವ 326 ರಲ್ಲಿ ಝೇಲಂ ದಂಡೆಯಲ್ಲಿ ಪೋರಸನ ಆನೆಗಳ ಎದುರು ಹೊಡೆದಾಡಿದ್ದು ಯಾರು? ನಾವೆಲ್ಲ ಹೈಸ್ಕೂಲಿನಲ್ಲಿ ನಾಲ್ಕು ಅಂಕಕ್ಕೆ ಬರೆದ ಪ್ರಶ್ನೆ ಅದು. ಸೈನಿಕರು ‘ಇನ್ನು ಸಾಕು’ ಅಂದದ್ದು ಆಮೇಲೆ, ಬಿಯಾಸ್ ನದಿ ಹತ್ತಿರ. ಹ್ಯಾರಿಸ್ ನಮ್ಮ ಸಮಾಜ ಪುಸ್ತಕ ಓದಿದ್ದರೆ ಆ ಸಾಲು ಸರಿಯಾಗಿ ಬರುತ್ತಿತ್ತು.

ಆದರೂ ಕೊನೆ ನೋಡಿ. ಎಂಟೂವರೆ ನಿಮಿಷ ಅವನನ್ನು ಹೊಗಳಿ, ಕೊನೆ ಸಾಲಿನಲ್ಲಿ ಬ್ಯಾಬಿಲಾನ್‌ನಲ್ಲಿ ಜ್ವರ ಬಂದು ಸತ್ತ ಅಂದುಬಿಡುತ್ತಾನೆ. ಒಂದೇ ಸಾಲು. ಹಾಡು ಮುಗಿಯಿತು, ಆಲ್ಬಂ ಮುಗಿಯಿತು.

ಹೊಸಬ:
ನನ್ನದು ದಡ್ಡ ಪ್ರಶ್ನೆ ಇರಬಹುದು. ನಾನು ಮೇಡನ್ ಕೇಳಲು ಶುರು ಮಾಡಿದ್ದು 2021 ರಲ್ಲಿ, ‘ಸೆಂಜುಟ್ಸು’ ಬಂದಾಗ. ಫೋನಿನಲ್ಲೇ ಕೇಳುವುದು. ಆಲ್ಬಂ ಮುಗಿದ ಕೂಡಲೇ ಆ್ಯಪ್ ತಾನಾಗಿ ಇನ್ಯಾರದೋ ಹಾಡು ಶುರು ಮಾಡುತ್ತದೆ. ಕೊನೆ ಹಾಡು ಅನ್ನುವುದೇ ಅನುಭವಕ್ಕೆ ಬರುವುದಿಲ್ಲ. ನೀವೆಲ್ಲ ಹೇಳುವ ಆ ಮೌನ ಹೇಗಿರುತ್ತದೆ ಅಣ್ಣ?

ಟೇಪುರಾಯ:
ದಡ್ಡ ಪ್ರಶ್ನೆ ಅಲ್ಲ. ಮೊದಲು ಸೆಟ್ಟಿಂಗ್‌ನಲ್ಲಿ ಆಟೋಪ್ಲೇ ಆರಿಸು. ಆಮೇಲೆ ‘ಸೆಂಜುಟ್ಸು’ನ ಕೊನೆ ಹಾಡು ‘ಹೆಲ್ ಆನ್ ಅರ್ತ್’ ಹಾಕು. 11 ನಿಮಿಷ. ಮೆಲ್ಲಗೆ ಶುರುವಾಗುತ್ತದೆ, ಮಧ್ಯೆ ಕುದುರೆ ಓಟ, ಕೊನೆಗೆ ಶುರುವಿನ ಅದೇ ಮೆಲುದನಿಗೆ ವಾಪಸ್ ಬಂದು ಕರಗುತ್ತದೆ. ಕರಗಿದ ಮೇಲೆ ಫೋನ್ ಮುಟ್ಟಬೇಡ. ಫ್ಯಾನ್ ಸದ್ದು ಕೇಳಿಸುತ್ತದೆ, ಬೀದಿಯಲ್ಲಿ ಯಾರದೋ ಸ್ಕೂಟರ್ ಕೇಳಿಸುತ್ತದೆ. ಆ ಮೌನ ಅಂದರೆ ಅಷ್ಟೇ.

ಕ್ಯಾಸೆಟ್‌ನಲ್ಲಾದರೆ ಹಾಡು ಮುಗಿದ ಮೇಲೂ ಸ್ವಲ್ಪ ಖಾಲಿ ಟೇಪ್ ಓಡುತ್ತಿತ್ತು. ಉಸ್ಸ್ ಅನ್ನುವ ಸದ್ದು. ಆಮೇಲೆ ಟಕ್.

ಗಾಳಿಪಟ:
ಎಲ್‌ಪಿ ಕಥೆ ಇನ್ನೂ ಮಜಾ. ಇಲ್ಲಿ ಬಂದ ಮೇಲೆ ಹಳೇ ‘ಪವರ್‌ಸ್ಲೇವ್’ ತಟ್ಟೆ ತಗೊಂಡೆ. ಎಲ್‌ಪಿಯಲ್ಲಿ ಕೊನೆ ಹಾಡಿಗೆ ಸಿಗುವುದು ಅತಿ ಕೆಟ್ಟ ಜಾಗ. ತಟ್ಟೆ ತಿರುಗುವುದು ಒಂದೇ ವೇಗದಲ್ಲಿ, ನಿಮಿಷಕ್ಕೆ 33 ಸುತ್ತು ಚಿಲ್ಲರೆ. ಆದರೆ ಒಳಗಿನ ಸುತ್ತು ಚಿಕ್ಕದು. ಮುಳ್ಳಿನ ಕೆಳಗೆ ಒಂದು ಸೆಕೆಂಡಿಗೆ ಹಾದುಹೋಗುವ ಗೆರೆ, ಅಂಚಿನಲ್ಲಿ ಇರುವುದರ ಅರ್ಧಕ್ಕಿಂತ ಕಡಿಮೆ. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟೇ ಸದ್ದು ಕೊರೆಯಬೇಕು. ಅದಕ್ಕೇ ಲೇಬಲ್ ಹತ್ತಿರ ಬರುತ್ತಾ ಬರುತ್ತಾ ಡ್ರಮ್ ಸೆಟ್ಟಿನ ಸಿಂಬಲ್ (ಕಂಚಿನ ತಾಳ) ಸದ್ದು ಒಡೆದ ಹಾಗೆ ಕೇಳುತ್ತದೆ.

ಈ ಕಾರಣಕ್ಕೆ ಎಷ್ಟೋ ಜನ ಕೊನೆಗೆ ಮೆತ್ತನೆಯ ಹಾಡು ಇಡುತ್ತಿದ್ದರು. ಮೇಡನ್‌ನವರು ಅಲ್ಲೇ ತಂದು 13 ನಿಮಿಷದ ಗದ್ದಲ ಇಟ್ಟರು. ಆ ಬದಿ ಒಟ್ಟು 26 ನಿಮಿಷ, ಅರ್ಧ ‘ರೈಮ್’ ಒಂದಕ್ಕೇ. ಹಡಗು ಮನೆ ಮುಟ್ಟುವ ಹೊತ್ತಿಗೆ ನನ್ನ ತಟ್ಟೆಯಲ್ಲಿ ಡ್ರಮ್ಮರ್ ನಿಕೋನ ಸಿಂಬಲ್‌ಗಳು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತವೆ. ಈಗ ಅದೇ ರೂಢಿಯಾಗಿದೆ. ಸಿಡಿಯಲ್ಲಿ ಕೇಳಿದರೆ ಒಗ್ಗರಣೆ ಇಲ್ಲದ ಸಾರು.

ಡ್ರಿಫ್ಟರ್‌ವಕೀಲ:
ನನ್ನ ಕೇಸ್ ಇನ್ನೂ ಮುಗಿದಿಲ್ಲ. ರಾತ್ರಿ ಕೂತು ಪಟ್ಟಿ ಮಾಡಿದೆ, ಒಂದು ವಿಷಯ ಹೊಳೆಯಿತು. ತಮಾಷೆ ಬಿಟ್ಟು ಓದಿ.

‘ಕಿಲ್ಲರ್ಸ್’ ಪೌಲ್ ಡಿಯಾನೋ ಹಾಡಿದ ಕೊನೆಯ ಮೇಡನ್ ಆಲ್ಬಂ. ಅದರ ಕೊನೆ ಹಾಡು ‘ಡ್ರಿಫ್ಟರ್’. ಮುಂದಿನ ಆಲ್ಬಂ ಆದ ಮೇಲೆ ಡ್ರಮ್ಮರ್ ಕ್ಲೈವ್ ಬರ್ ಹೋದ. ಅವನಿದ್ದ ಕೊನೆ ಆಲ್ಬಂನ ಕೊನೆ ಹಾಡು ‘ಹ್ಯಾಲೋಡ್’. 1988 ರ ‘ಸೆವೆನ್ತ್ ಸನ್’ ಆದ ಮೇಲೆ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಬಿಟ್ಟ, ಅಲ್ಲಿ ಕೊನೆಗೆ ‘ಓನ್ಲಿ ದ ಗುಡ್ ಡೈ ಯಂಗ್’. 1992 ರ ‘ಫಿಯರ್ ಆಫ್ ದ ಡಾರ್ಕ್’ ಮುಗಿದದ್ದು ಅದೇ ಹೆಸರಿನ ಹಾಡಿನಿಂದ, 1993 ರಲ್ಲಿ ಬ್ರೂಸ್ ಹೊರಟ. ಬ್ಲೇಜ್ ಹೋಗುವ ಮೊದಲು ‘ಕೋಮೋ ಎಸ್ತಾಯಿಸ್ ಅಮೀಗೋಸ್’, ಫಾಕ್‌ಲ್ಯಾಂಡ್ ಯುದ್ಧದಲ್ಲಿ ಸತ್ತವರ ಹಾಡು.

ಏಡ್ರಿಯನ್, ಬ್ರೂಸ್ ಇಬ್ಬರೂ ಆಮೇಲೆ ವಾಪಸ್ ಬಂದರು, ಅದು ಬೇರೆ ಮಾತು. ಆದರೆ ಈ ಬ್ಯಾಂಡ್‌ನಲ್ಲಿ ಕೊನೆ ಹಾಡು ಅಂದರೆ ಯಾರದೋ ಬೀಳ್ಕೊಡುಗೆ ಆಗಿಬಿಟ್ಟಿದೆ. ಗೊತ್ತಿದ್ದು ಮಾಡಿದ್ದಲ್ಲ. ಕ್ಲೈವ್ 2013 ರಲ್ಲಿ ತೀರಿಕೊಂಡ, ಪೌಲ್ 2024 ರ ಅಕ್ಟೋಬರ್‌ನಲ್ಲಿ. ಪೌಲ್ ಹೋದ ಸುದ್ದಿ ಬಂದ ದಿನ ನಾನು ಹಾಕಿದ್ದು ‘ಡ್ರಿಫ್ಟರ್’. ಊರೂರು ಅಲೆಯುವವನ ಹಾಡು. ಕುಣಿಸುವ ಹಾಡದು, ಹಳೇ ಲೈವ್‌ನಲ್ಲಿ ಅವನು ಜನರಿಂದ ಯೋ ಯೋ ಅಂತ ಕೂಗಿಸುತ್ತಾನಲ್ಲ. ಕುಣಿಯುವುದಕ್ಕೆ ಆಗಲಿಲ್ಲ.

ಬೇಸ್‌ಬಸಣ್ಣ:
ಬೊಕ್ಕೆ ಮಾತು ವಾಪಸ್ ತಗೊಂಡೆ ವಕೀಲರೇ.

ಮಂಗಳಪದ:
ಚೆನ್ನಾಗಿ ಹಿಡಿದಿರಿ. ಒಂದು ಸಣ್ಣ ಕೊಕ್ಕೆ: ಆಲ್ಬಂನಲ್ಲಿ ಕೊನೆಗೆ ಬರುವ ಹಾಡನ್ನು ಸ್ಟುಡಿಯೋದಲ್ಲಿ ಕೊನೆಗೇ ನುಡಿಸಿರಬೇಕು ಅಂತ ಇಲ್ಲ. ಆದರೂ ಕೇಳುವವರಿಗೆ ಅದೇ ಕೊನೆ.

‘ಸೆವೆನ್ತ್ ಸನ್’ ಮಾತು ಬಂತಲ್ಲ. ಅದು ಮುಗಿಯುವ ರೀತಿ ನನಗೆ ‘ಜರ್ನಿಮ್ಯಾನ್’ಗಿಂತ ಜಾಸ್ತಿ ಇಷ್ಟ ಅಂತ ಈಗ ಅನಿಸುತ್ತಿದೆ. ಮೊದಲ ಹಾಡು ‘ಮೂನ್‌ಚೈಲ್ಡ್’ ಶುರುವಾಗುವ ಮುಂಚೆ ಅಕೂಸ್ಟಿಕ್ ಗಿಟಾರ್ ಜೊತೆ ಬ್ರೂಸ್ ನಾಲ್ಕು ಸಾಲು ಹಾಡುತ್ತಾನೆ. ಕೊನೆಯಲ್ಲಿ ಗದ್ದಲ ಎಲ್ಲ ನಿಂತು, ಅದೇ ಗಿಟಾರ್, ಅದೇ ನಾಲ್ಕು ಸಾಲು. ಮೊದಲು ಕೇಳಿದಾಗ ಅದು ಎಚ್ಚರಿಕೆ, ಕೊನೆಗೆ ಕೇಳಿದಾಗ ‘ನಾ ಹೇಳಲಿಲ್ವಾ?’ ಅಂದ ಹಾಗೆ. ಪಲ್ಲವಿಗೆ ವಾಪಸ್ ಬಂದು ನಿಲ್ಲಿಸುವುದು ನಮಗೇನು ಹೊಸದಲ್ಲ. ಬಹುಶಃ ಅದಕ್ಕೇ ಹತ್ತಿರ ಅನಿಸುತ್ತದೆ.

ಹೊಸಬ:
ಆಟೋಪ್ಲೇ ಆರಿಸಿ ಕೇಳಿದೆ ಅಣ್ಣ. ಫ್ಯಾನ್ ಸದ್ದು ಕೇಳಿಸಿತು. ಆಮೇಲೆ ಪಟ್ಟಾಗಿ ಕೂತು ‘ಬ್ರೇವ್ ನ್ಯೂ ವರ್ಲ್ಡ್’ ಕೂಡ ಪೂರ್ತಿ ಕೇಳಿದೆ. ಕೊನೆ ಹಾಡು ‘ದ ತಿನ್ ಲೈನ್ ಬಿಟ್ವೀನ್ ಲವ್ ಅಂಡ್ ಹೇಟ್’ ಮುಗಿದ ಮೇಲೆ ಯಾರೋ ಬೈದ ಹಾಗೆ ಕೇಳಿಸಿತು. ನನ್ನ ಕಿವಿ ತಪ್ಪಾ?

ಬೇಸ್‌ಬಸಣ್ಣ:
ತಪ್ಪಲ್ಲ ತಮ್ಮಾ. ಅದು ನಿಕೋ ಮೆಕ್‌ಬ್ರೇನ್. ಕೊನೆ ಏಟು ತಪ್ಪಿಸಿಕೊಂಡೆ ಅಂತ ಬೈದುಕೊಳ್ಳುತ್ತಾನೆ. ಅದನ್ನು ತೆಗೆಯದೆ ಹಾಗೇ ಬಿಟ್ಟರು. ಬ್ರೂಸ್, ಏಡ್ರಿಯನ್ ವಾಪಸ್ ಬಂದ ಆಲ್ಬಂ ಅದು, 2000 ದ್ದು. ಎಲ್ಲರೂ ಒಟ್ಟಿಗೆ ಕೂತು ನುಡಿಸಿದ ಖುಷಿ ಆ ಒಂದು ಬೈಗುಳದಲ್ಲಿ ಇದೆ. ಭಾರದ ಕೊನೆ ಅಂತೆಲ್ಲ ನಾವು ಇಲ್ಲಿ ದೊಡ್ಡ ಮಾತಾಡುತ್ತೇವೆ, ಆ ಕಡೆ ಅವರು ಹೀಗೆ.

ಗಾಳಿಪಟ:
ಹೊಸ ಕಾಲದ್ದರಲ್ಲಿ ನನಗೆ 2010 ರ ‘ವೆನ್ ದ ವೈಲ್ಡ್ ವಿಂಡ್ ಬ್ಲೋಸ್’. ರೇಮಂಡ್ ಬ್ರಿಗ್ಸ್ ಅವರ ಚಿತ್ರಕಥೆ ಪುಸ್ತಕದಿಂದ ಹುಟ್ಟಿದ ಹಾಡು. ಪುಸ್ತಕದಲ್ಲಿ ಮುದುಕ ಮುದುಕಿ ಸರ್ಕಾರದ ಕೈಪಿಡಿ ನಂಬಿ ಬಾಂಬಿಗೆ ತಯಾರಾಗುತ್ತಾರೆ, ಬಾಂಬ್ ನಿಜವಾಗಿಯೂ ಬೀಳುತ್ತದೆ. ಹ್ಯಾರಿಸ್ ಅದನ್ನು ಬದಲಿಸಿದ. ಹಾಡಿನಲ್ಲಿ ಬಾಂಬ್ ಇಲ್ಲ, ಬರೀ ಭೂಕಂಪ. ಅದನ್ನೇ ಯುದ್ಧ ಅಂದುಕೊಂಡು ಇಬ್ಬರೂ ವಿಷ ತಗೊಂಡಿರುತ್ತಾರೆ. ತಬ್ಬಿಕೊಂಡೇ ಇರುತ್ತಾರೆ. 11 ನಿಮಿಷ, ಒಂದು ನಿಮಿಷವೂ ಜಾಸ್ತಿ ಅನಿಸುವುದಿಲ್ಲ.

ಡ್ರಿಫ್ಟರ್‌ವಕೀಲ:
ಇಲ್ಲಿ ನನ್ನ ಆಕ್ಷೇಪಣೆ ದಾಖಲಿಸಿ. 2000 ದ ನಂತರ ಎಲ್ಲ ಉದ್ದ. ಕೊನೆ ಹಾಡು ಉದ್ದ ಇದ್ದರೆ ಅದಕ್ಕೊಂದು ತೂಕ ಬರುವುದು ಉಳಿದವು ಚಿಕ್ಕದಿದ್ದಾಗ. ‘ರೈಮ್’ ಅಷ್ಟು ದೊಡ್ಡದಾಗಿ ಕಾಣುವುದು ಹಿಂದೆ ನಾಲ್ಕರಿಂದ ಏಳು ನಿಮಿಷದ ಹಾಡುಗಳಿರುವುದರಿಂದ. ‘ಸೆಂಜುಟ್ಸು’ನಲ್ಲಿ ಕೊನೆಯ ಮೂರೂ ಹಾಡು ಹತ್ತು ನಿಮಿಷ ದಾಟಿದವು, ಮೂರೂ ಹ್ಯಾರಿಸ್‌ದೇ. ಹೋಳಿಗೆ ಆದ ಮೇಲೆ ಹೋಳಿಗೆ, ಅದರ ಮೇಲೆ ಹೋಳಿಗೆ. ‘ಎಂಪೈರ್ ಆಫ್ ದ ಕ್ಲೌಡ್ಸ್’ 18 ನಿಮಿಷ. ಅಷ್ಟು ಹೊತ್ತಿಗೆ ನಾನು ಮೆಜೆಸ್ಟಿಕ್‌ನಿಂದ ಜಯನಗರ ಮುಟ್ಟಿರುತ್ತೇನೆ.

ಟೇಪುರಾಯ:
ಮೆಟ್ರೋದಲ್ಲಿ ಮಾತ್ರ ಸಾಧ್ಯ.

ಆದರೆ ‘ಎಂಪೈರ್’ ಬಗ್ಗೆ ನಾನು ಒಪ್ಪುವುದಿಲ್ಲ. ಅದು ಆರ್-101 ಅನ್ನುವ ಬ್ರಿಟಿಷ್ ವಾಯುನೌಕೆಯ ಕಥೆ. 1930 ರ ಅಕ್ಟೋಬರ್ 4 ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಹೊರಟಿತು, ರಾತ್ರಿ ಮಳೆಗಾಳಿಯಲ್ಲಿ ಫ್ರಾನ್ಸ್‌ನ ಬೊವೇ ಹತ್ತಿರ ಬಿದ್ದು ಉರಿಯಿತು. 54 ಜನರಲ್ಲಿ 48 ಜನ ಹೋದರು. ಅದು ಹೊರಟಿದ್ದು ಎಲ್ಲಿಗೆ ಗೊತ್ತಾ? ಕರಾಚಿಗೆ, ಅಂದರೆ ಆಗಿನ ಇಂಡಿಯಾಕ್ಕೆ. ಅದು ಬಂದಿಳಿಯಲಿ ಅಂತ ಕರಾಚಿಯಲ್ಲಿ ಭಾರಿ ದೊಡ್ಡ ಶೆಡ್ ಕೂಡ ಕಟ್ಟಿದ್ದರು. ಬರಲೇ ಇಲ್ಲ.

ಬ್ರೂಸ್ ಅದನ್ನು ಪಿಯಾನೋ ಮೇಲೆ ಬರೆದ, ತಾನೇ ನುಡಿಸಿದ. ಅವನೇ ವಿಮಾನ ಹಾರಿಸುವವನು, ಬ್ಯಾಂಡ್‌ನ ವಿಮಾನವನ್ನೂ ಓಡಿಸಿದವನು. ಹಾಡಿನ ಮಧ್ಯೆ ವಾದ್ಯಗಳು ಎಸ್‌ಒಎಸ್ ಸಂಕೇತದ ಲಯದಲ್ಲಿ ಬಡಿಯುತ್ತವೆ. ಅದನ್ನು ಗಮನಿಸಿದ ದಿನ ನಾನು ಬಸ್ಸಿನಲ್ಲಿದ್ದೆ, ನನ್ನ ಸ್ಟಾಪ್ ದಾಟಿ ಹೋಯಿತು.

ಬೇಸ್‌ಬಸಣ್ಣ:
ಒಂದು ಲೆಕ್ಕ ಹೇಳಿ ಹೋಗುತ್ತೇನೆ. 2025 ರ ಟೂರ್‌ನಲ್ಲಿ ಅವರು ನುಡಿಸಿದ ಪಟ್ಟಿ ನೋಡಿದಿರಾ? ‘ರೈಮ್’, ‘ಹ್ಯಾಲೋಡ್’, ‘ಐರನ್ ಮೇಡನ್’, ‘ಫಿಯರ್ ಆಫ್ ದ ಡಾರ್ಕ್’. ನಾಲ್ಕು ಆಲ್ಬಂಗಳ ಕೊನೆ ಹಾಡುಗಳು. ಬೇರೆ ಬ್ಯಾಂಡ್‌ನವರು ವೇದಿಕೆಗೆ ಆರಿಸುವುದು ಆಲ್ಬಂನ ಮೊದಲ ಮೂರು ಹಾಡುಗಳಲ್ಲಿ ಒಂದನ್ನು.

2007 ರ ಮಾರ್ಚ್ 17, ಅರಮನೆ ಮೈದಾನ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದು ಇಡೀ ದಿನ ಸಾಲಿನಲ್ಲಿ ನಿಂತಿದ್ದೆ. ‘ಫಿಯರ್ ಆಫ್ ದ ಡಾರ್ಕ್’ ಶುರುವಾದಾಗ ಜನ ಹಾಡಿದ್ದು ಪದ ಅಲ್ರೀ, ಗಿಟಾರ್ ಸ್ವರ. ಅಷ್ಟೂ ಸಾವಿರ ಜನ ಗಿಟಾರ್ ಆಗಿಬಿಟ್ಟಿದ್ದರು. ನನ್ನ ಹಿಂದೆ ನಿಂತವನಿಗೆ ಶ್ರುತಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ಇವತ್ತಿಗೂ ಆ ಹಾಡು ಅವನ ದನಿಯಲ್ಲೇ ಕೇಳಿಸುತ್ತದೆ.

ಹೊಸಬ:
ಟೇಪುರಾಯಣ್ಣ, ಆ ಕ್ಯಾಸೆಟ್ ಈಗಲೂ ಇದೆಯಾ?

ಟೇಪುರಾಯ:
ಇದೆ ಮಾರಾಯ. ನೀನು ಕೇಳಿದೆ ಅಂತ ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿ ನಿನ್ನೆ ರಾತ್ರಿ ಹಾಕಿದೆ. ಬೆಲ್ಟ್ ಸಡಿಲ ಆಗಿದೆ, ಬ್ರೂಸ್ ನಿದ್ದೆಗಣ್ಣಲ್ಲಿ ಹಾಡಿದ ಹಾಗೆ ಕೇಳುತ್ತಾನೆ. ಹಡಗು ಕಿರುಗುಟ್ಟಿತು, ಕವಿತೆ ಓದಿದ್ದಾಯಿತು, ದನಿ ಏರಿತು, ಟಕ್.

ಬಾಕಿ ಐದು ನಿಮಿಷ ಬಾಯಲ್ಲೇ ಹಾಡಿದೆ, ಗಿಟಾರ್ ಸೋಲೋ ಸಮೇತ. ಹೆಂಡತಿ ಎದ್ದು ಬಂದು ರೂಮಿನ ಬಾಗಿಲು ಹಾಕಿಕೊಂಡು ಹೋದಳು. ಹಡಗು ಮನೆ ಮುಟ್ಟಿತು.